ಚಪ್ಪಲಿ ಬಿಟ್ಟ ಬಾಗಿಲು

ಯಾವ ಮದುವೆಗೆ ಹೋಗಲಿ, ಯಾವ ನಾಮಕರಣಕ್ಕೆ ಹೋಗಲಿ, ನಾನು ಮೊದಲು ಮಾಡುವ ಕೆಲಸ ಬಾಗಿಲಲ್ಲಿ ಬಿದ್ದಿರುವ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸುವುದು. ಹಿಂದೆ ಯಾರೂ ಬರುತ್ತಿಲ್ಲ ತಾನೇ ಎಂದು ತಿರುಗಿ ನೋಡುತ್ತೇನೆ, ಸೆರಗು ಸಿಕ್ಕಿಸಿಕೊಳ್ಳುತ್ತೇನೆ, ಬಗ್ಗಿ ಜೋಡಿ ಜೋಡಿಯಾಗಿ ಎತ್ತಿ ಗೋಡೆಯ ಉದ್ದಕ್ಕೂ ಇಡುತ್ತೇನೆ. ಹೊಸಿಲಿನಿಂದ ಬೀದಿಯವರೆಗೆ ಜನ ಓಡುವಷ್ಟು ದಾರಿಯಾದ ಮೇಲೆಯೇ ಒಳಗೆ ಹೋಗುವುದು. ಹೋದರೂ ಕೂರುವುದಿಲ್ಲ. ಹಿಂಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಜಡಿದಿದ್ದಾರೋ, ಅಡುಗೆಯವರ ಕೊಳದಪ್ಪಲೆ ಅಡ್ಡ ಇದೆಯೋ ಎಂದು ನೋಡಿಕೊಂಡು ಬರಬೇಕು. ಒಂದು ಛತ್ರದಲ್ಲಿ ಹೆಣ್ಣಿನ ಕಡೆಯ ಯಜಮಾನರೊಬ್ಬರು ನನ್ನನ್ನು ಚಪ್ಪಲಿ ಕದಿಯುವವಳೆಂದೇ ತಿಳಿದು ಗದರಿದ್ದರು. ನಾನೇನು ಕಡಿಮೆಯವಳೇ? ಅವರ ಕೈಯಿಂದಲೂ ನಾಲ್ಕು ಜೋಡಿ ಎತ್ತಿಸಿದೆ. ಮನೆಯ ಮಕ್ಕಳು ನನಗೆ ಚಪ್ಪಲಿ ಅತ್ತೆ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ಕೂತಲ್ಲಿ ಕೂರುವ ಜಾಯಮಾನ ನನಗೆ ಮೊದಲಿನಿಂದಲೂ ಇಲ್ಲ. "ಇಕಿ ಕಾಲಿಗೆ ಚಕ್ರಾ ಕಟಗೊಂಡ ಹುಟ್ಟ್ಯಾಳ" ಎಂದು ಅವ್ವ ಹೇಳುತ್ತಿದ್ದಳು. ಆದರೆ ಈ ಚಪ್ಪಲಿ ಸರಿಸುವ ಚಟ ಹುಟ್ಟಿನಿಂದ ಬಂದದ್ದಲ್ಲ. ಅದು ಹತ್ತಿಕೊಂಡದ್ದು ಎಪ್ಪತ್ತರ ದಶಕದ ನಡುವೆ, ಮತ್ತಿಕೆರೆಯ ಒಂದು ಗಣೇಶೋತ್ಸವದ ಸಂಗೀತ ಕಾರ್ಯಕ್ರಮದಲ್ಲಿ. ಆ ಸಂಜೆ ವೇದಿಕೆಯ ಮೇಲೆ ಹಾಡುತ್ತಿದ್ದವಳು ನನ್ನ ಅಕ್ಕ.

ಅಪ್ಪ ಧಾರವಾಡದ ಕಡೆಯವರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಬಂದವರಿಗೆ ಕ್ವಾರ್ಟರ್ಸ್ ಸಿಗಲಿಲ್ಲ. ಹಾಗಾಗಿ ಮತ್ತಿಕೆರೆಯ ವಠಾರದಲ್ಲಿ ಎರಡು ಕೋಣೆಯ ಮನೆ. ನಾವು ಅಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ಅವ್ವ ಕಾಮಾಲೆಯಲ್ಲಿ ತೀರಿಕೊಂಡಳು. ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವ್ವನ ಸೌಟು, ಒಲೆ, ಅಪ್ಪನ ಊಟದ ಡಬ್ಬಿ ಎಲ್ಲ ಅವಳ ಪಾಲಿಗೆ ಬಂತು. ಅವಳಿಗೆ ಬೇಜಾರಾದದ್ದನ್ನು ನಾನು ನೋಡಲಿಲ್ಲ, ಏಕೆಂದರೆ ಅವಳು ಸದಾ ಹಾಡುತ್ತಿದ್ದಳು. ಮುಸುರೆ ತಿಕ್ಕುವಾಗ ಹಾಡು, ಅಕ್ಕಿ ಆರಿಸುವಾಗ ಹಾಡು, ಸೀಮೆಎಣ್ಣೆಗೆ ಕ್ಯೂ ನಿಂತಾಗಲೂ ಗುನುಗು. ರೇಡಿಯೋದಲ್ಲಿ ಒಮ್ಮೆ ಕೇಳಿದ ಸಿನಿಮಾ ಹಾಡು ಸಂಜೆಯೊಳಗೆ ಅವಳ ಬಾಯಲ್ಲಿ ಇರುತ್ತಿತ್ತು. ಅಪ್ಪನಿಗೆ ಇದು ಸರಿಬರುತ್ತಿರಲಿಲ್ಲ. ಅವರು ಹಿಂದೂಸ್ತಾನಿ ಬಿಟ್ಟರೆ ಬೇರೆ ಯಾವುದನ್ನೂ ಸಂಗೀತವೆಂದು ಕರೆದವರಲ್ಲ.

ನಮ್ಮ ಅಡುಗೆ ಕೋಣೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಕಡೆ ಇದ್ದ ಗಂಡ ಹೆಂಡಿರನ್ನು ನಾವು ಭಾಯ್, ಆಪಾ ಎನ್ನುತ್ತಿದ್ದೆವು. ಭಾಯ್ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ, ಚುನಾವಣೆ, ಉರುಸು, ಗಣೇಶ ಎಲ್ಲಕ್ಕೂ ಅವರದೇ ಹಾರ್ನ್ ಸ್ಪೀಕರು. ಆಪಾಗೆ ನಾಲ್ಕನೇ ಕ್ಲಾಸಿನಲ್ಲಿ ಓದುವ ಒಬ್ಬಳೇ ಮಗಳು. ಅಕ್ಕ ಹಾಡು ನಿಲ್ಲಿಸಿದರೆ ಸಾಕು, ಆಪಾ ಆ ಕಡೆಯಿಂದ ಬೆರಳ ಗಂಟಿನಿಂದ ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಿದ್ದಳು. ಇನ್ನೊಂದು ಹಾಡು ಎಂದು ಅದರ ಅರ್ಥ. ಆಗಲೂ ಶುರುವಾಗದಿದ್ದರೆ ಕೂಗೇ ಬರುತ್ತಿತ್ತು. "ಕೈಕು ನಿಲ್ಸಿದೆ ಬೇಟಿ? ನನ್ ಸಾಲನ್ ಇನ್ನೂ ಕುದಿಬೇಕು." ಅವಳ ಸಾರು ಕುದಿಯುವವರೆಗೆ ನಮ್ಮ ಮನೆಯಲ್ಲಿ ಹಾಡು ಇರಬೇಕು. ಅವ್ವ ಹೋದ ಮೇಲೆ ಆ ಟಕ್ ಟಕ್ ಇಲ್ಲದಿದ್ದರೆ ನಮ್ಮಿಬ್ಬರ ಗತಿ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ.

ಆ ವರ್ಷ ಬಡಾವಣೆಯ ಹುಡುಗರ ಸಂಘದವರು ಗಣೇಶನನ್ನು ದೊಡ್ಡದಾಗಿ ಕೂರಿಸಿದರು. ಭಾನುವಾರ ಸಂಜೆ ಆರ್ಕೆಸ್ಟ್ರಾ. ಮೈಕ್ ಭಾಯ್‌ದು. ಎರಡು ದಿನ ಇದೆ ಎನ್ನುವಾಗ ಆರ್ಕೆಸ್ಟ್ರಾದ ಗಾಯಕಿಗೆ ಗಂಟಲು ಕಟ್ಟಿಕೊಂಡಿತು. ಭಾಯ್ ಸಂಘದ ಸೆಕ್ರೆಟರಿಯನ್ನು ನಮ್ಮ ವಠಾರಕ್ಕೇ ಕರೆದುಕೊಂಡು ಬಂದು ತಮ್ಮ ಅಡುಗೆ ಕೋಣೆಯಲ್ಲಿ ಕೂರಿಸಿದರು. ಆಪಾ ಗೋಡೆ ಬಡಿದಳು. ಅಕ್ಕನಿಗೆ ಏನೂ ಗೊತ್ತಿಲ್ಲ, ರೊಟ್ಟಿ ಬಡಿಯುತ್ತಾ ಹಾಡಿದಳು. ಸೆಕ್ರೆಟರಿ ಚಹಾ ಕುಡಿಯುತ್ತಾ ಕೇಳಿ, ನಮ್ಮ ಬಾಗಿಲಿಗೆ ಬಂದು ಎರಡು ಹಾಡು ಹಾಡಲು ಒಪ್ಪಿಸಿಬಿಟ್ಟ.

"ಅದು ಸಂಗೀತನೂ ಅಲ್ಲ, ಸುಡುಗಾಡೂ ಅಲ್ಲ. ಬರೇ ಗದ್ದಲ. ನಾ ಬರಂಗಿಲ್ಲ" ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಹಾಡೂದಾದ್ರ ಎದಿ ತುಂಬ ಉಸಿರು ತಗೊಂಡು ಹಾಡು. ಅರ್ಧಕ್ಕ ಬಿಡಬ್ಯಾಡ" ಎಂದೂ ಸೇರಿಸಿದರು. ಆಪಾ ತನ್ನ ನೀಲಿ ಸೀರೆಯನ್ನು ಇಸ್ತ್ರಿ ಮಾಡಿಸಿ ತಂದು ಅಕ್ಕನಿಗೆ ಉಡಿಸಿದಳು.

ಕಾರ್ಯಕ್ರಮ ನಡೆದ ಜಾಗ ಯಶವಂತಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಪಾಳುಬಿದ್ದಿದ್ದ ಒಂದು ಗೋಡೌನಿನ ಅಂಗಳ. ಸುತ್ತ ಎತ್ತರದ ಗೋಡೆ. ರಸ್ತೆಯ ಕಡೆಗೆ ಒಂದು ಗೇಟು. ಅದರ ಒಂದು ಬಾಗಿಲು ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡಿತ್ತು, ತೆರೆಯುತ್ತಿದ್ದ ಇನ್ನೊಂದಕ್ಕೆ ಬಾಳೆಕಂಬ, ಸೀರಿಯಲ್ ಸೆಟ್ಟು ಕಟ್ಟಿ ಕಮಾನು ಮಾಡಿದ್ದರು. ಅಂಗಳದ ಆ ತುದಿಯಲ್ಲಿ ವೇದಿಕೆ. ವೇದಿಕೆಯ ಹಿಂದೆ ಗೋಡೆ ಯಾವಾಗಲೋ ಬಿದ್ದುಹೋಗಿ ಲಾರಿ ಬರುವಷ್ಟು ಅಗಲದ ಕಂಡಿ ಇತ್ತು. ಭಾಯ್‌ನ ಜನರೇಟರ್ ಬಂದದ್ದು ಅದರಿಂದಲೇ. ಬಡಾವಣೆಯವರಿಗೆಲ್ಲ ಆ ದಾರಿ ಗೊತ್ತು. ಹಿಟ್ಟಿನ ಗಿರಣಿಗೆ ನಾವು ದಿನಾ ಅಡ್ಡ ಹಾಯುತ್ತಿದ್ದದ್ದೇ ಅಲ್ಲಿ.

ಉಳಿದ ಕಡೆಯೆಲ್ಲ ಗಣೇಶನ ಪಕ್ಕದಲ್ಲಿ ಆರ್ಕೆಸ್ಟ್ರಾಗೆ ಬೇರೆ ಸ್ಟೇಜು ಹಾಕುತ್ತಾರೆ. ಇಲ್ಲಿ ಜಾಗ ಸಾಲದೆ ಒಂದೇ ವೇದಿಕೆಯಲ್ಲಿ ಬಲಕ್ಕೆ ಗಣೇಶ, ಎಡಕ್ಕೆ ಆರ್ಕೆಸ್ಟ್ರಾ. ದೇವರೆದುರು ಚಪ್ಪಲಿ ಹಾಕಿಕೊಂಡು ಕೂರುವುದು ಹೇಗೆ ಎಂದು ಹಿರಿಯರೊಬ್ಬರು ತಕರಾರು ತೆಗೆದರಂತೆ. ಸಂಘದವರು ಗೇಟಿನಲ್ಲೇ ಬೋರ್ಡು ಬರೆದು ತಗಲಿಸಿದರು, ಪಾದರಕ್ಷೆಗಳನ್ನು ಇಲ್ಲೇ ಬಿಡಿ ಎಂದು. ಜನ ತಕರಾರಿಲ್ಲದೆ ಬಿಟ್ಟರು. ನಾವು ಹೋಗುವ ಹೊತ್ತಿಗೆ ಆ ಅರ್ಧ ಗೇಟಿನ ಎರಡೂ ಕಡೆ ಮೊಣಕಾಲೆತ್ತರದ ಚಪ್ಪಲಿ ರಾಶಿ. ಹವಾಯಿ, ಚರ್ಮದ್ದು, ಕಾರ್ಖಾನೆಯ ಬೂಟು ಎಲ್ಲ ಒಂದರ ಮೇಲೊಂದು. ಆಪಾ ತನ್ನದು, ಮಗಳದು, ನನ್ನದು ಮೂರೂ ಜೊತೆಯನ್ನು ಒಂದೇ ಕಡೆ, ಕಮಾನಿನ ಬುಡಕ್ಕೆ ಆನಿಸಿ ಇಟ್ಟಳು. ಮಗಳದ್ದು ಹಬ್ಬಕ್ಕೆ ಕೊಡಿಸಿದ ಹೊಸದು. ಗುರುತಿರಲಿ ಎಂದು ಪಕ್ಕದಲ್ಲಿ ಒಂದು ಇಟ್ಟಿಗೆ ಚೂರನ್ನೂ ಇಟ್ಟಳು.

ಹೆಂಗಸರ ಕಡೆ ಹಗ್ಗದ ಹಿಂದೆ ಚಾಪೆಯ ಮೇಲೆ ಕೂತೆವು. ಕೂತದ್ದು ಅವರು. ನಾನು ಎದ್ದು, ನಿಂತು, ವೇದಿಕೆಯ ಪಕ್ಕಕ್ಕೆ ಹೋಗಿ ಅಕ್ಕನಿಗೆ ನೀರು ಕೊಟ್ಟು, ಮತ್ತೆ ಬಂದು ಯಾರದ್ದೋ ಕಾಲು ತುಳಿದು ಬೈಸಿಕೊಂಡೆ. ಅಕ್ಕನ ಮೊದಲ ಹಾಡಿಗೆ ಜನ ಶಿಳ್ಳೆ ಹೊಡೆದರು. ಆಪಾ ಹಿಂದೆ ಮುಂದೆ ಕೂತವರಿಗೆಲ್ಲ "ನಮ್ ಪಕ್ಕದ್ ಮನೆ ಬೇಟಿ, ನಮ್ ಗೋಡೆ ಆಚೆನೇ ಇರೋದು" ಎಂದು ಹೇಳಿದ್ದೇ ಹೇಳಿದ್ದು. ಎರಡನೆಯದು ಆಪಾಗೆ ಪ್ರಿಯವಾದ ಹಾಡು. ದಿನಾ ಸಾಲನ್ ಕುದಿಯುವಾಗ ಗೋಡೆ ಬಡಿದು ಹಾಡಿಸಿಕೊಳ್ಳುತ್ತಿದ್ದದ್ದು ಅದನ್ನೇ. ಅದರ ಪಲ್ಲವಿ ಮುಗಿಯುವಾಗ ದಪ್ಪ ಹನಿಗಳು ಬಿದ್ದವು.

ಜನ ಎದ್ದರು. ನಾನು ಆಗಲೇ ಎದ್ದಿದ್ದೆ.

"ಆಪಾ, ಹಿಂದಿನ ಕಂಡಿಯಿಂದ ಹೋಗ್ಬಿಡೋಣ, ಹತ್ರ" ಎಂದೆ.

"ಮೂರು ಜೋಡಿ ಬಿಟ್ಟು ಹೋಗೋದಾ? ಇವಳದ್ದು ಇನ್ನೂ ಹೊಸದು. ನೀನು ಇವಳನ್ನ ಕರ್ಕೊಂಡು ಸ್ಟೇಜ್ ಹಿಂದೆ ಹೋಗು. ನಾನ್ ಬರ್ತೀನಿ."

"ನಾಳೆ ತಗೊಂಡ್ರಾಯ್ತು ಬಿಡಿ."

"ನಾಳೆವರ್ಗೂ ಯಾರ್ ಬಿಡ್ತಾರೆ ಹುಚ್ಚಿ?" ಎಂದು ನಕ್ಕು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೇಟಿನ ಕಡೆ ನಡೆದಳು.

ಅವಳು ಹೇಳಿದ್ದನ್ನೇ ಆ ಅಂಗಳದಲ್ಲಿದ್ದ ಎಲ್ಲರೂ ಯೋಚಿಸಿದ್ದರು. ಹಿಂದೆ ಲಾರಿ ಅಗಲದ ದಾರಿ ಬಾಯಿ ತೆರೆದು ಬಿದ್ದಿತ್ತು, ದಿನಾ ಓಡಾಡುವ ದಾರಿ. ಅದರ ಕಡೆ ತಿರುಗಿದವರು ಬೆರಳೆಣಿಕೆಯಷ್ಟು ಜನ. ಬೇರೆಯವರೆಲ್ಲ ಚಪ್ಪಲಿ ಬಿಟ್ಟ ಬಾಗಿಲಿಗೇ ಹೋದರು. ಬರಿಗಾಲಲ್ಲಿ ಮನೆಗೆ ಹೋಗುವುದೆಂದರೆ ಏನು? ಸ್ಮಶಾನದಿಂದ ಬಂದವರ ಹಾಗೆ. ನಾಳೆ ಕೆಲಸಕ್ಕೆ ಹಾಕಿಕೊಳ್ಳುವುದು ಏನನ್ನು? ಇಷ್ಟು ಸಣ್ಣ ಲೆಕ್ಕಾಚಾರ. ಇದನ್ನು ನೆನೆದಾಗಲೆಲ್ಲ ನನಗೆ ಯಾರನ್ನಾದರೂ ಹಿಡಿದು ಅಲ್ಲಾಡಿಸಬೇಕು ಎನಿಸುತ್ತದೆ.

ನಾನು ಮಗುವನ್ನು ಎಳೆದುಕೊಂಡು ವೇದಿಕೆಯ ಹಿಂದೆ, ತಗಡಿನ ಮಾಡಿನ ಕೆಳಗೆ ನಿಂತೆ. ಅಲ್ಲಿಂದ ಅಕ್ಕನ ಪಕ್ಕದ ಮುಖ ಕಾಣುತ್ತಿತ್ತು. ಜನ ಏಳುತ್ತಿರುವುದನ್ನು ನೋಡಿ ಅವಳು ಹಾಡು ನಿಲ್ಲಿಸಿದಳು. ವೇದಿಕೆಯ ಅಂಚಿನಲ್ಲಿದ್ದ ಸೆಕ್ರೆಟರಿ ಎರಡೂ ಕೈ ಬೀಸಿದ. "ನಿಲ್ಲಿಸ್ಬೇಡಮ್ಮ! ಹಾಡ್ತಾ ಇರು! ನಿಲ್ಲಿಸಿದ್ರೆ ಜನ ಗಾಬರಿ ಬೀಳ್ತಾರೆ!" ಅಕ್ಕ ಭಾಯ್ ಕಡೆ ನೋಡಿದಳು. ಆಂಪ್ಲಿಫೈಯರ್ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಿದ್ದ ಭಾಯ್ ಸೆಕ್ರೆಟರಿಯ ಕಡೆ ನೋಡಿದರು. "ಭಾಯ್, ಮೈಕ್ ಬಂದ್ ಮಾಡ್ಬೇಡಿ, ಸೌಂಡ್ ಜಾಸ್ತಿ ಕೊಡಿ" ಎಂದ ಅವನು. ಭಾಯ್ ಗುಂಡಿ ತಿರುಗಿಸಿದರು. ಅಕ್ಕ ಹಾಡಿದಳು. ಅಪ್ಪ ಹೇಳಿದ ಹಾಗೆ ಎದೆ ತುಂಬ ಉಸಿರು ತೆಗೆದುಕೊಂಡಳು. ಅಷ್ಟು ಚೆನ್ನಾಗಿ ಅವಳು ಅಡುಗೆ ಕೋಣೆಯಲ್ಲೂ ಹಾಡಿರಲಿಲ್ಲ.

ಹಾರ್ನುಗಳನ್ನು ಕಟ್ಟಿದ್ದದ್ದು ಗೇಟಿನ ಮೇಲೆ, ರಸ್ತೆಯ ಕಡೆಗೆ ಮುಖ ಮಾಡಿ. ಹಾಡು ಕೇಳಿ ಜನ ಬರಲಿ ಎಂದು. ಜನ ಬಂದರು. ಮಳೆಯಲ್ಲೂ ಕಾರ್ಯಕ್ರಮ ನಡೆಯುತ್ತಿದೆ, ಒಳಗೆ ಶಾಮಿಯಾನ ಇರಬೇಕು ಎಂದುಕೊಂಡು ರಸ್ತೆಯಲ್ಲಿ ನೆನೆಯುತ್ತಿದ್ದವರು ಗೇಟಿನೊಳಗೆ ನುಗ್ಗಿದರು. ಒಳಗಿನಿಂದ ಹೊರಟವರು ಚಪ್ಪಲಿ ಹುಡುಕಲು ಅಲ್ಲೇ ಬಗ್ಗಿದ್ದರು. ನುಗ್ಗುತ್ತಿರುವ ಎರಡು ಗುಂಪಿನ ನಡುವೆ ಬಗ್ಗಿದವರಿಗೆ ಮತ್ತೆ ನೆಟ್ಟಗಾಗುವುದಕ್ಕೆ ಆಗಲಿಲ್ಲ.

ಇದೆಲ್ಲ ಆಮೇಲೆ ತಿಳಿದದ್ದು. ಆಗ ನಮಗೆ ಕೇಳಿಸುತ್ತಿದ್ದದ್ದು ಅಕ್ಕನ ಧ್ವನಿ ಮಾತ್ರ. ಎರಡನೇ ಚರಣದ ಮೊದಲ ಸಾಲಿಗೆ ಬಂದಿದ್ದಳು. ಅಂಗಿ ಹರಿದುಕೊಂಡ ಒಬ್ಬ ಸ್ವಯಂಸೇವಕ ಓಡಿ ಬಂದು ಭಾಯ್ ಹೆಗಲು ಹಿಡಿದು ಏನೋ ಅರಚಿದ. ಭಾಯ್ ಸ್ವಿಚ್ಚನ್ನು ಹೊಡೆದು ಆರಿಸಿದರು. ಅಕ್ಕನ ಸಾಲು ಅರ್ಧಕ್ಕೆ ನಿಂತಿತು. ಆಗ ಗೇಟಿನ ಕಡೆಯ ಸದ್ದು ಮೊದಲ ಸಲ ವೇದಿಕೆಯವರೆಗೆ ಬಂತು. ಆ ಸದ್ದು ಎಂಥದ್ದು ಎಂದು ಬರೆಯಲು ನನ್ನ ಕೈಯಲ್ಲಿ ಆಗುವುದಿಲ್ಲ. ಮಗು ನನ್ನ ಲಂಗ ಹಿಡಿದು, "ಅಮ್ಮಿ ಚಪ್ಪಲ್ ತರಕ್ಕೆ ಹೋಗಿದಾಳೆ" ಎಂದಳು.

ಸತ್ತವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ಹೇಳಿದರು. ನನಗೆ ಬೇಕಾಗಿದ್ದದ್ದು ಒಬ್ಬಳ ಲೆಕ್ಕ. ಆಸ್ಪತ್ರೆಯ ವರಾಂಡದಲ್ಲಿ ಕೈಗೆ ಕಟ್ಟು ಹಾಕಿಸಿಕೊಂಡು ಕೂತಿದ್ದ ಹೆಂಗಸೊಬ್ಬಳು ಆಪಾಳನ್ನು ಕೊನೆಯದಾಗಿ ನೋಡಿದ್ದಳು. "ಆಯಮ್ಮ ಎಲ್ಡು ಜೊತೆ ಕಂಕುಳಾಗ್ ಇಟ್ಕಂಡಿದ್ರು ಕಣವ್ವ. ಇನ್ನೊಂದ್ ಮಗೀದು, ಮಗೀದು ಅಂತಾ ಬಗ್ಗುದ್ರು. ಇಂಗೆ ಬಗ್ಗಿದ್ದಷ್ಟೇ" ಎಂದಳು. ಅಪ್ಪ ಸೈಕಲ್ ತುಳಿದುಕೊಂಡು ಬಂದವರು ನಮ್ಮಿಬ್ಬರನ್ನೂ ಮುಟ್ಟಿ ನೋಡಿ, ಆಮೇಲೆ ಭಾಯ್ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು. ಅಕ್ಕನ ಮೈಮೇಲೆ ಇನ್ನೂ ಆಪಾಳ ನೀಲಿ ಸೀರೆ ಇತ್ತು.

ಮಾರನೆಯ ದಿನ ಚಪ್ಪಲಿ ರಾಶಿ ಅಲ್ಲೇ ನೆನೆದು ಬಿದ್ದಿತ್ತು. ಜನ ಬಂದು ತಮ್ಮ ತಮ್ಮದನ್ನು ಹುಡುಕಿಕೊಂಡು ಹೋಗುತ್ತಿದ್ದರು. ಒಬ್ಬ ಎಡಗಾಲಿನದು ಸಿಕ್ಕಿ ಬಲಗಾಲಿನದು ಸಿಗದೆ, ಬೇರೆ ಬೇರೆ ಹಾಕಿ ಅಳತೆ ನೋಡುತ್ತಿದ್ದ. ನಾನು ಅವನ ಮೇಲೆ ಎಗರಿ ಬಿದ್ದೆ. ಅವನು ಪಾಪ, "ನಮ್ ತಮ್ಮನ್ದು ಹುಡುಕ್ತಿದೀನಿ ಕಣಮ್ಮ, ಅವನು ಆಸ್ಪತ್ರೇಲಿದಾನೆ" ಎಂದ. ನನ್ನ ಸಿಟ್ಟಿಗೆ ಆಗಲೂ ಸರಿಯಾದ ವಿಳಾಸ ಸಿಗಲಿಲ್ಲ.

ವಿಳಾಸ ಆಮೇಲೆ ಸಿಕ್ಕಿತು. ತಾನು ಕಾರ್ಯಕ್ರಮ ನಿಲ್ಲಿಸಲು ಹೇಳಿದ್ದೆ, ಕಲಾವಿದರೇ ಕೇಳಲಿಲ್ಲ ಎಂದು ಸೆಕ್ರೆಟರಿ ಊರೆಲ್ಲ ಹೇಳಿಕೊಂಡು ಬಂದ. ಕಲಾವಿದರು ಎಂದರೆ ಯಾರು? ನಮ್ಮ ಅಕ್ಕ. ಬೋರ್‌ವೆಲ್ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದಾಗ ಹಿಂದಿನಿಂದ ಒಬ್ಬಳು, "ಅಲ್ಲಿ ಜನ ಸಾಯ್ತಿದ್ರೂ ಹಾಡ್ತಾನೇ ಇದ್ಳಂತೆ ಕಣ್ರೀ. ಎಂಥಾ ಎದೆ ಇರ್ಬೇಕು!" ಎಂದಳು. ನಾನು ನನ್ನ ಬಿಂದಿಗೆ ನೀರನ್ನು ಅವಳ ತಲೆಯ ಮೇಲೆ ಸುರಿದೆ. "ನಿಮ್ಮ ಯಜಮಾನ್ರು ಹೊರಗಿಂದ ನುಗ್ಗಿದವರಲ್ಲಿ ಒಬ್ರಲ್ವಾ? ಅವರ ಎದೆ ಹೆಂಗಿದೆ ಕೇಳ್ಕೊಂಡು ಬನ್ನಿ" ಎಂದು ಕೂಗಾಡಿದೆ. ಜನ ನಮ್ಮಿಬ್ಬರನ್ನೂ ಬಿಡಿಸಿ ಕಳಿಸಿದರು. ಮನೆಗೆ ಬಂದು ಎಲ್ಲವನ್ನೂ ಅಕ್ಕನಿಗೆ ಒಪ್ಪಿಸಿದೆ, ಅವಳು ನಗಬಹುದು ಎಂದುಕೊಂಡು.

"ಅವಳು ಹೇಳಿದ್ದು ಸರೀನೇ ಇದೆ" ಎಂದಳು ಅಕ್ಕ. "ನಾನು ಬಾಯಿ ಮುಚ್ಚಿದ್ರೆ ಹೊರಗಿನವರು ವಾಪಸ್ ಹೋಗ್ತಿದ್ರು. ಆಪಾ ಬದುಕ್ತಿದ್ಳು."

ಅಲ್ಲ ಎಂದು ಹೇಗೆ ಹೇಳಲಿ? ಹೇಳಿದೆ, ನೂರು ಸಲ. ಸೆಕ್ರೆಟರಿ ಹೇಳಿದ್ದು ನಾನೇ ಕೇಳಿದೆ ಎಂದೆ, ನೀನು ನಿಲ್ಲಿಸಿದ್ದೆ ಎಂದೆ. ಅವಳು ಕೇಳಿಸಿಕೊಂಡಳು, ಒಪ್ಪಲಿಲ್ಲ. ಅವತ್ತಿನಿಂದ ಹಾಡು ಬಂದ್. ಮುಸುರೆ ತಿಕ್ಕುವ ಸದ್ದು ಬರೀ ಮುಸುರೆ ತಿಕ್ಕುವ ಸದ್ದಾಯಿತು. ಅಪ್ಪ ಸಿನಿಮಾ ಹಾಡನ್ನೆಲ್ಲ ದ್ವೇಷಿಸುತ್ತಿದ್ದವರು, ಬೇಕೆಂದೇ ರೇಡಿಯೋ ಜೋರು ಮಾಡಿ ಆ ಕಾರ್ಯಕ್ರಮಗಳನ್ನೇ ಹಾಕತೊಡಗಿದರು. "ಒಂದ್ ಸಾಲು ಹಾಡವಾ, ನನ್ನ ಸಲುವಾಗಿ" ಎಂದು ಬೇಡಿಕೊಂಡದ್ದೂ ಉಂಟು. ಅಕ್ಕ ರೇಡಿಯೋ ಆರಿಸಿ ಹೊರಗೆ ಹೋಗುತ್ತಿದ್ದಳು. ಮುಂದೆ ಅವಳಿಗೂ ಜಾಲಹಳ್ಳಿಯಲ್ಲಿ ಕೆಲಸ ಸಿಕ್ಕಿತು, ಸಣ್ಣ ಭಾಗಗಳನ್ನು ಜೋಡಿಸುವ ಸೆಕ್ಷನ್ನಿನಲ್ಲಿ. ಅಲ್ಲಿ ಸಾಲಾಗಿ ಕೂತ ಹೆಂಗಸರೆಲ್ಲ ಗುನುಗುತ್ತಾ ಕೆಲಸ ಮಾಡುತ್ತಾರಂತೆ. ಅಕ್ಕನಿಗೆ ಅವರು ಮೌನಗೌರಿ ಎಂದು ಹೆಸರಿಟ್ಟರು. ಮದುವೆಯ ಮಾತು ಬಂದಾಗ ಹುಡುಗನ ಕಡೆಯವರು ಹಾಡು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದಳು. ಆ ಸಂಬಂಧ ತಪ್ಪಿತು, ಮುಂದಿನವೂ ಒಂದೊಂದಾಗಿ ತಪ್ಪಿದವು, ಅವಳು ಚಿಂತೆ ಮಾಡಲಿಲ್ಲ.

ಭಾಯ್ ಕೆಲವೇ ತಿಂಗಳಲ್ಲಿ ಮನೆ ಖಾಲಿ ಮಾಡಿ ಆರ್‌.ಟಿ. ನಗರಕ್ಕೆ ಹೋದರು. ಅಲ್ಲಿ ಅವರ ಅಕ್ಕ ಇದ್ದಳು, ಮಗುವನ್ನು ನೋಡಿಕೊಳ್ಳಲು ಜನ ಬೇಕಿತ್ತು. ಹೊರಡುವ ದಿನ ಅಪ್ಪನ ಕೈ ಹಿಡಿದು ಬಹಳ ಹೊತ್ತು ನಿಂತಿದ್ದರು. ಅಕ್ಕ ಒಳಗಿನಿಂದ ಬರಲಿಲ್ಲ, ಅವರೂ ಒಳಗೆ ಬರಲಿಲ್ಲ. ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲು ಆಗುತ್ತಿರಲಿಲ್ಲ. ಅವಳು ಹಾಡಿದ್ದಳು, ಅವರು ಸೌಂಡ್ ಜಾಸ್ತಿ ಮಾಡಿದ್ದರು. ನಾನು ಮಾತ್ರ ನೂರೆಂಟು ಕೆಲಸದ ನೆಪ ಮಾಡಿಕೊಂಡು ಆರ್‌.ಟಿ. ನಗರದ ಬಸ್ ಹತ್ತುತ್ತಿದ್ದೆ, ಹುಡುಗಿಯನ್ನು ನೋಡಿಕೊಂಡು ಬರುತ್ತಿದ್ದೆ. ಬಸ್ಸಿನಲ್ಲೂ ಕೂರುತ್ತಿರಲಿಲ್ಲ. ಬಾಗಿಲ ಹತ್ತಿರವೇ ನಿಲ್ಲುವುದು, ಕಂಡಕ್ಟರ್ ಜೊತೆ ಜಗಳ ಕಾಯುವುದು. ಅಕ್ಕ ಯಾವತ್ತೂ ಬರಲಿಲ್ಲ.

ವರ್ಷಗಳು ಹೋದವು. ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಆ ಹುಡುಗಿಯೇ ನಮ್ಮ ವಠಾರಕ್ಕೆ ಬಂದಳು, ತನ್ನ ಮದುವೆಗೆ ಕರೆಯಲು. ನನಗೆ ಆಗ ಮದುವೆಯಾಗಿತ್ತು, ಯಲಹಂಕದಿಂದ ತವರಿಗೆ ಬಂದಿದ್ದೆ. ಹುಡುಗಿ ಚಪ್ಪಲಿಯನ್ನು ಬಾಗಿಲಿನಿಂದ ಮಾರು ದೂರ ಬಿಟ್ಟು ಒಳಗೆ ಬಂದದ್ದನ್ನು ನಾನು ಗಮನಿಸಿದೆ. ಅಡುಗೆ ಕೋಣೆಗೆ ನೇರ ಹೋಗಿ ಅಕ್ಕನ ಎದುರು ನೆಲದ ಮೇಲೆ ಕೂತಳು.

"ಹಳದಿ ದಿನ ನೀವು ಬಂದು ಹಾಡ್ಬೇಕು ಅಕ್ಕಾ. ಅಮ್ಮಿಗೆ ಇಷ್ಟ ಇದ್ದ ಹಾಡು."

"ನನಗೆ ಹಾಡು ಬರಲ್ಲ ಈಗ" ಎಂದಳು ಅಕ್ಕ.

"ನಂಗೆ ಅಮ್ಮಿ ಮುಖ ಸರಿಯಾಗಿ ನೆನಪಿಲ್ಲ. ಅವಳ ಕಂಠ ನೆನಪಿಲ್ಲ. ಆ ಹಾಡು ಕೇಳ್ತಾ ಅವಳು ಸಾಲನ್ ತಿರುವ್ತಿದ್ದದ್ದು ಒಂದೇ ನೆನಪಿರೋದು. ನನ್ ಹತ್ರ ಇರೋದು ಅಷ್ಟೇ."

ಅಕ್ಕ ತಲೆ ಅಲ್ಲಾಡಿಸಿ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ನನಗೆ ಅವಳನ್ನು ಹಿಡಿದು ಬಡಿಯಬೇಕು ಎನಿಸಿತು. ಹುಡುಗಿ ಎದ್ದು ಆ ಗೋಡೆಯ ಹತ್ತಿರ ಹೋಗಿ ಬೆರಳ ಗಂಟಿನಿಂದ ಟಕ್ ಟಕ್ ಎಂದು ಬಡಿದಳು. ಆ ಕಡೆ ಆಗ ಯಾರೋ ಬೇರೆ ಬಾಡಿಗೆಯವರಿದ್ದರು. "ಏನ್ರೀ ಅದು?" ಎಂದು ಕೂಗಿದರು. ಅಕ್ಕನ ಕೈಯಿಂದ ಸೊಪ್ಪು ಬಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳು ಬಾಯಿ ಬಿಟ್ಟು ಅತ್ತಳು. ಹುಡುಗಿ ಅವಳನ್ನು ತಬ್ಬಿಕೊಂಡು ಕೂತಳು. ನಾನು ಪಕ್ಕದ ಮನೆಯವರಿಗೆ ಸಮಾಧಾನ ಹೇಳಲು ಓಡಿದೆ.

ಅರಿಶಿನ ಹಚ್ಚುವ ಹಳದಿ ಶಾಸ್ತ್ರ ಮಧ್ಯಾಹ್ನ, ಭಾಯ್ ಮನೆಯಲ್ಲೇ. ಒಳಗೆ ಹೆಂಗಸರು, ಹೊರಗೆ ಶಾಮಿಯಾನದಲ್ಲಿ ಗಂಡಸರು. ಮೈಕ್‌ಸೆಟ್‌ನವರ ಮನೆ ಎಂದ ಮೇಲೆ ಮೈಕ್ ಇಲ್ಲದಿರುತ್ತದೆಯೇ? ಕಿಟಕಿಯ ಹೊರಗೆ ಆಂಪ್ಲಿಫೈಯರ್ ಮುಂದೆ ಭಾಯ್ ಕೂತಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅಕ್ಕ ಬಂದದ್ದನ್ನು ನೋಡಿ ತಲೆ ತಗ್ಗಿಸಿದರು. ಹೆಂಗಸರು ಢೋಲಕ್ ಬಡಿದು ಹಾಡುತ್ತಿದ್ದರು. ಅಕ್ಕ ನನ್ನನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು.

"ಹಾಡ್ತೀನಿ. ಆದ್ರೆ ನಾನು ಕೈ ಎತ್ತಿದ ತಕ್ಷಣ ಮೈಕ್ ಬಂದ್ ಆಗ್ಬೇಕು. ಯಾರು ಏನ್ ಹೇಳಿದ್ರೂ ಸರಿ. ಭಾಯ್‌ಗೆ ಹೇಳಿ ಬಾ."

ಹೋಗಿ ಹೇಳಿದೆ. ಭಾಯ್ ಹೆಗಲ ಟವೆಲಿನಿಂದ ಆಂಪ್ಲಿಫೈಯರಿನ ಮೇಲೆ ಇಲ್ಲದ ಧೂಳು ಒರೆಸಿದರು. ಆಮೇಲೆ ಕುರ್ಚಿಯನ್ನು ಕಿಟಕಿಗೆ ಇನ್ನೂ ಹತ್ತಿರ ಎಳೆದುಕೊಂಡರು, ಅಕ್ಕನ ಕೈ ಕಾಣುವ ಹಾಗೆ. "ಬೇಟಿಗೆ ಹೇಳು. ಇಲ್ಲಿಂದ ಏಳಲ್ಲ ನಾನು" ಎಂದರು.

ಅಕ್ಕ ಮೈಕಿನ ಮುಂದೆ ಕೂತಳು. ನನ್ನಿಂದ ಒಳಗೆ ನಿಲ್ಲಲು ಆಗಲಿಲ್ಲ. ಹೊರಗೆ ಬಂದರೆ ಮೆಟ್ಟಿಲ ತುಂಬ ಹೆಂಗಸರ ಚಪ್ಪಲಿ, ಒಂದರ ಮೇಲೊಂದು. ಹಿಂದೆ ನೋಡಿಕೊಂಡು ಬಗ್ಗಿದೆ. ಒಂದು ಜೋಡಿ, ಇನ್ನೊಂದು ಜೋಡಿ. ಒಳಗಿನಿಂದ ಹಾಡು ಶುರುವಾಯಿತು. ಧ್ವನಿ ಒರಟಾಗಿತ್ತು, ಮೇಲಿನ ಸ್ವರಕ್ಕೆ ಉಸಿರು ಸಾಲುತ್ತಿರಲಿಲ್ಲ. ಎಷ್ಟೋ ವರ್ಷ ಮುಚ್ಚಿಟ್ಟ ಬಾಗಿಲು ತೆಗೆದ ಹಾಗೆ ಕಿರುಗುಟ್ಟಿತು. ಪಲ್ಲವಿ ಆಯಿತು, ಮೊದಲ ಚರಣ ಆಯಿತು. ನಾನು ಯಾರದ್ದೋ ಜರಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನೆಟ್ಟಗೆ ನಿಂತೆ. ಎರಡನೇ ಚರಣದ ಮೊದಲ ಸಾಲು ಬಂತು. ಅವತ್ತು ತುಂಡಾದ ಜಾಗ ಬಂತು. ಅಕ್ಕ ತಡೆದಳು, ಉಸಿರು ಎಳೆದುಕೊಂಡಳು, ದಾಟಿದಳು.

ಭಾಯ್ ಕಡೆ ನೋಡಿದೆ. ಅಡುಗೆಯವನು ಬಂದು ಏನೋ ಕೇಳುತ್ತಿದ್ದ, ಅವರು ತಿರುಗಲಿಲ್ಲ. ಯಾರೋ ಬೀಗರ ಕಡೆಯವರು "ಸೌಂಡ್ ಜಾಸ್ತಿ ಮಾಡಿ ಭಾಯ್" ಎಂದರು, ಅವರು ಕೇಳಿಸಿಕೊಳ್ಳಲಿಲ್ಲ. ಕಣ್ಣು ಕಿಟಕಿಯಲ್ಲಿತ್ತು, ಬಲಗೈ ಸ್ವಿಚ್ಚಿನ ಮೇಲಿತ್ತು. ಗಡ್ಡದ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಆ ಕೈಯನ್ನು ತೆಗೆಯಲಿಲ್ಲ. ಅಕ್ಕ ಕೊನೆಯವರೆಗೂ ಕೈ ಎತ್ತಲಿಲ್ಲ.

ಹಾಡು ಮುಗಿಯಿತು. ಬಾಗಿಲಿನಿಂದ ಬೀದಿಯವರೆಗೆ ಮೆಟ್ಟಿಲು ಖಾಲಿಯಾಗಿತ್ತು. ನಾನು ಭಾಯ್ ಹತ್ತಿರ ಹೋದೆ.

"ಮುಗೀತು ಭಾಯ್. ಕೈ ತೆಗೀರಿ."

"ನಕ್ಕೋ, ಬೇಡ" ಎಂದರು. "ಬೇಟಿ ಮೈಕ್ ಬಿಟ್ಟು ಏಳ್ಲಿ ಮೊದಲು."

ಕಿಟಕಿಯಲ್ಲಿ ನೋಡಿದೆ. ಅಕ್ಕ ಏಳಲಿಲ್ಲ. ಪಕ್ಕದಲ್ಲಿ ಮೈಯೆಲ್ಲ ಅರಿಶಿನವಾಗಿ ಕೂತಿದ್ದ ಹುಡುಗಿ ಹಿಂದಿನ ಗೋಡೆಗೆ ಬೆರಳ ಗಂಟಿನಿಂದ ಬಡಿಯುತ್ತಿದ್ದಳು, ಟಕ್ ಟಕ್ ಎಂದು.